ಮಕ್ಕಳೆಲ್ಲ ಒಕ್ಕಣ್ಣಿನ ದೈತ್ಯನ ಕಡೆ! ಮುಂದಿನ ಕತೆ ಹೇಗೆ ಹೇಳಲಿ?

ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲೆ)

ನಮಸ್ಕಾರ. ನಮ್ಮೂರ ಗ್ರಂಥಾಲಯದಲ್ಲಿ ಶನಿವಾರ ಮಕ್ಕಳಿಗೆ ಕತೆ ಹೇಳುತ್ತೇನೆ. ಈಗ ಗ್ರೀಕರ ಒಡಿಸ್ಸಿಯಸ್ ಕತೆ ನಡೆದಿದೆ. ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟವನು ಪಾಲಿಫೀಮಸ್ ಎಂಬ ಒಕ್ಕಣ್ಣಿನ ದೈತ್ಯನ ಗವಿಯಲ್ಲಿ ಸಿಕ್ಕಿಬೀಳುತ್ತಾನಲ್ಲ, ಅಲ್ಲಿಗೆ ಬಂದಿದ್ದೇವೆ. ದೈತ್ಯ ಒಡಿಸ್ಸಿಯಸ್‌ನ ಜೊತೆಗಾರರಲ್ಲಿ ಆರು ಜನರನ್ನು ತಿಂದ. ಉಳಿದವರು ಅವನಿಗೆ ದ್ರಾಕ್ಷಾರಸ ಕುಡಿಸಿ, ಆಲಿವ್ ಮರದ ಗೂಟ ಕಾಯಿಸಿ ಕಣ್ಣಿಗೆ ಚುಚ್ಚಿದರು. ಬೆಳಿಗ್ಗೆ ಟಗರುಗಳ ಹೊಟ್ಟೆಯಡಿ ಅಡಗಿ ಪಾರಾದರು.

ನಮ್ಮಲ್ಲಿ ಕುರಿ ಕಾಯುವ ಮನೆಯ ಮಕ್ಕಳು ಜಾಸ್ತಿ. "ಟಗರು ಮನುಷ್ಯಾನ ಭಾರ ತಡಕೋತದೇನ್ರಿ ಅಕ್ಕಾ?" ಎಂದು ಅಲ್ಲೇ ಹಿಡಿದರು. ಮೂರು ಮೂರು ಟಗರು ಜೋಡಿಸಿ, ನಡುವಿನದರ ಕೆಳಗೆ ಒಬ್ಬೊಬ್ಬನನ್ನು ಕಟ್ಟಿದ ಅಂದ ಮೇಲೆ ಒಪ್ಪಿದರು. ಒಡಿಸ್ಸಿಯಸ್ ಮಾತ್ರ ಎಲ್ಲಕ್ಕಿಂತ ದೊಡ್ಡ ಟಗರಿನ ಉಣ್ಣೆ ಹಿಡಿದು ಜೋತುಬಿದ್ದು ಕೊನೆಗೆ ಹೊರಬಿದ್ದ. ಕುರುಡ ದೈತ್ಯ ಅದರ ಬೆನ್ನು ಸವರಿ ಕೇಳುತ್ತಾನೆ: ದಿನಾ ಎಲ್ಲರಿಗಿಂತ ಮುಂದೆ ಹೋಗುವವನು ಇವತ್ತು ಯಾಕೆ ಹಿಂದೆ ಬಿದ್ದೆ? ನನ್ನ ಕಣ್ಣು ಹೋಯಿತೆಂದು ಸಂಕಟವಾ?

ಅಷ್ಟಕ್ಕೇ ಒಬ್ಬ ಹುಡುಗ ಅತ್ತೇಬಿಟ್ಟ. ಈಗ ಎಲ್ಲರಿಗೂ ದೈತ್ಯನ ಮೇಲೇ ಕನಿಕರ. ಬೇರೆ ಮಕ್ಕಳಿಗೆ ಹೇಳುವಾಗ ಈ ಭಾಗ ಬಿಡಲಾ? ನಾಯಕನ ಮೇಲೆ ಅಭಿಮಾನವೇ ಹೋದರೆ ಮುಂದಿನ ಕತೆ ಹೇಗೆ?

ಉತ್ತರ (ಬೀದರ್)

ದಯವಿಟ್ಟು ಬಿಡಬೇಡಿ ಅಕ್ಕಾ. ಗ್ರೀಕ್ ಕವಿ ಹೋಮರನ ಕಾವ್ಯದಲ್ಲೇ ಇರುವ ಮಾತದು. ಒಡಿಸ್ಸಿಯಸ್ ಏನೂ ತಪ್ಪಿಲ್ಲದವನಲ್ಲ. ಗವಿ ಹೊಕ್ಕಾಗಲೇ ಜೊತೆಗಾರರು ಚೀಸ್ ಎತ್ತಿಕೊಂಡು ಹೋಗಿಬಿಡೋಣ ಅಂದಿದ್ದರು, ಇವನೇ ಕೇಳಲಿಲ್ಲ. ತಪ್ಪಿಸಿಕೊಂಡ ಮೇಲಾದರೂ ಸುಮ್ನಿದ್ದನಾ? ಬೇಡ ಬೇಡ ಅಂದರೂ ಹಡಗಿನಿಂದ ತನ್ನ ಹೆಸರು, ಅಪ್ಪನ ಹೆಸರು, ಊರು ಇಥಾಕಾ ಎಂದು ಕೂಗಿ ಹೇಳಿದ. ದೈತ್ಯನ ಅಪ್ಪ ಸಮುದ್ರದೇವರು ಪೊಸೈಡನ್! ಇವನು ಮನೆ ಮುಟ್ಟದಿರಲಿ, ಮುಟ್ಟಿದರೂ ಜೊತೆಗಾರರನ್ನೆಲ್ಲ ಕಳೆದುಕೊಂಡು ಮುಟ್ಟಲಿ ಎಂದು ದೈತ್ಯ ಅಪ್ಪನನ್ನು ಬೇಡಿಕೊಂಡ. ಹಾಗೇ ಆಯಿತು. ಮುಂದಿನ ಕತೆಯೆಲ್ಲ ಹುಟ್ಟುವುದು ಇಲ್ಲಿಂದಲೇ, ಅಲ್ವಾ?

ಉತ್ತರ (ಕಲಬುರಗಿ)

ನಾನು ಪ್ರಾಥಮಿಕ ಶಾಲೆ ಟೀಚರ್. ಒಂದನೇ, ಎರಡನೇ ತರಗತಿಯವರಿದ್ದರೆ ಕಣ್ಣಿನ ವಿಷಯ ಒಂದೇ ಮಾತಲ್ಲಿ ಮುಗಿಸಿ, ಕುರಿಗಳ ಬಗ್ಗೆ ಎಷ್ಟು ಬೇಕಾದರೂ ಹೇಳಿ. ನಮ್ಮ ಬಕಾಸುರ ಇದ್ದ ಹಾಗೆ ಅಂತ ಮಾತ್ರ ಪರಿಚಯಿಸಬೇಡಿ. ಪಾಲಿಫೀಮಸ್ ಸಂಜೆ ಕೂತು ಹಾಲು ಕರೆಯುತ್ತಾನೆ. ಒಂದೊಂದು ತಾಯಿಗೂ ಅದರದರ ಮರಿ ಬಿಡುತ್ತಾನೆ. ಅರ್ಧ ಹಾಲು ಹೆಪ್ಪು ಹಾಕಿ, ಅರ್ಧ ಕುಡಿಯಲು ಇಟ್ಟುಕೊಳ್ಳುತ್ತಾನೆ. ಅಷ್ಟು ಮಾಡಿ ಮುಗಿಸಿದವನೇ ಮನೆಗೆ ಬಂದವರನ್ನು ಹಿಡಿದು ತಿನ್ನುತ್ತಾನೆ. ಎರಡನ್ನೂ ಹೇಳಿ. ಮಕ್ಕಳಿಗೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಈ ಶನಿವಾರ ಹಡಗಿನಿಂದ ಹೆಸರು ಕೂಗುವ ತನಕ ಹೇಳಿ ನಿಲ್ಲಿಸುತ್ತೇನೆ. ತಪ್ಪು ಯಾರದು ಅಂತ ಮಕ್ಕಳೇ ವಾದ ಮಾಡಲಿ.