ಅಪ್‌ಡೇಟ್: ಸಿಗರೇಟ್ ಬಿಡದ ನನ್ನ ಪೇಷಂಟ್ ವಿಷಯ

ಮನೆಮನೆಗೆ ಹೋಗೋ ನರ್ಸ್ ನಾನು, ಬಿಪಿ ಇರೋ ಪೇಷಂಟ್ ಒಬ್ರು ಎಲ್ಲದಕ್ಕೂ ಹೂಂ ಅಂತಾರೆ ಆದ್ರೆ ಸಿಗರೇಟ್ ಬಿಡಲ್ಲ ಅಂತ ಕೇಳಿದ್ನಲ್ಲ, ನೀವು ಹೇಳಿದ ಮೋಟಿವೇಶನಲ್ ಇಂಟರ್ವ್ಯೂಯಿಂಗ್ ಟ್ರೈ ಮಾಡ್ದೆ, ಅಂದ್ರೆ ಬುದ್ಧಿ ಹೇಳೋ ಬದ್ಲು ಕಾರಣಾನ ಅವ್ರ ಬಾಯಿಂದಲೇ ಬರ್ಸೋದು. ಬಿಡೋದು ಎಷ್ಟು ಮುಖ್ಯ, 10ಕ್ಕೆ ಎಷ್ಟು ಕೊಡ್ತೀರಾ ಅಂದೆ, 4 ಅಂದ್ರು. 1 ಯಾಕಲ್ಲ ಅಂತ ಕೇಳಿದ್ದೇ ತಡ, ಮೆಟ್ಟಿಲು ಹತ್ತಿದ್ರೆ ಏದುಸಿರು, ಮೊಮ್ಮಗಳು ವಾಸನೆಗೆ ಹತ್ರ ಬರಲ್ಲ, ಎಲ್ಲಾ ಅವ್ರೇ ಹೇಳ್ಕೊಂಡ್ರು (ಚಾರ್ಟ್ ತೋರಿಸಿದ್ರೆ ಆಕಳಿಸ್ತಿದ್ದೋರು!). ಈಗ ಡಾಕ್ಟರ್ ಕೊಟ್ಟ ನಿಕೋಟಿನ್ ಪ್ಯಾಚ್ (ಸಿಗರೇಟ್ ಚಟ ತಗ್ಗಿಸೋಕೆ ಚರ್ಮಕ್ಕೆ ಅಂಟಿಸೋ ಪಟ್ಟಿ) ಹಾಕ್ತಿದಾರೆ, ಚಟ ಎಳೆದಾಗ ಕೆಲವು ನಿಮಿಷ ತಳ್ಳಿದ್ರೆ ತಾನಾಗೇ ಇಳಿಯುತ್ತೆ ಅಂತ ಗೊತ್ತಾದ್ಮೇಲೆ ಧೈರ್ಯ ಬಂದಿದೆ. ಪೂರ್ತಿ ಬಿಟ್ಟಿಲ್ಲ, ಊಟ ಆದ್ಮೇಲಿಂದು ಒಂದು ಉಳ್ದಿದೆ. ಬಿಪಿಗೆ ಉಪ್ಪು ಕಮ್ಮಿ ಮಾಡೋ ವಿಷಯ ಇನ್ನೂ ಎತ್ತಿಲ್ಲ, ಎರಡೂ ಒಟ್ಟಿಗೆ ಬೇಡ ಅನ್ಸ್ತು.