ಹತ್ತಿ ರಾಶಿ ಏಕೆ ಬೂದಿಯಾಯಿತು? ಫಿಲ್ಮ್ ಕ್ಯಾಮೆರಾ ಪ್ರಶ್ನೋತ್ತರ

(ಗುಂಪಿನಲ್ಲಿ ಊರಿನ ಹೆಸರೇ ಗುರುತು. ಉತ್ತರಿಸುವವರು ಕೊಪ್ಪಳದ ಹಳೆಯ ಸ್ಟುಡಿಯೊ ಮಾಲೀಕರು.)

ಲಿಂಗಸುಗೂರು: ನಮಸ್ಕಾರ ಸರ್. 400ರ ರೋಲಿಗೆ ಕ್ಯಾಮೆರಾದಲ್ಲಿ ಫಿಲ್ಮಿನ ಬೆಳಕಿನ ಸೂಕ್ಷ್ಮತೆ ತೋರುವ ಐಎಸ್‌ಒ ಎಷ್ಟಿಡಬೇಕು?

ಸ್ಟುಡಿಯೊ: ನಮಸ್ಕಾರ. 400.

ಮಾನ್ವಿ: ಸರ್, ರಾಯಚೂರು ಮಾರುಕಟ್ಟೆಯಲ್ಲಿ ಮಟಮಟ ಮಧ್ಯಾಹ್ನ ಹತ್ತಿ ರಾಶಿಗಳ ಚಿತ್ರ ತೆಗೆದೆ. ಪೆಂಟಾಕ್ಸ್ ಕೆ1000, 400ರ ಕಪ್ಪು-ಬಿಳುಪು ರೋಲು. ರಾಶಿಗೆ ಕ್ಯಾಮೆರಾ ಹಿಡಿದು, ಬೆಳಕು ಅಳೆಯುವ ಮೀಟರಿನ ಮುಳ್ಳನ್ನು ನಡುವೆ ನಿಲ್ಲಿಸಿದ್ದೆ: ಅಪರ್ಚರ್ 22 (ಲೆನ್ಸಿನ ಕಿಂಡಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಶಟರ್ 1000 (ಸೆಕೆಂಡಿನ ಸಾವಿರದಲ್ಲೊಂದು ಭಾಗ). ಹತ್ತಿ ಬೂದಿ ಬಣ್ಣಕ್ಕೆ ಬಂದಿದೆ, ಹಮಾಲರ ಮುಖ ಕಾಣುವುದೇ ಇಲ್ಲ. ಮೀಟರ್ ಕೆಟ್ಟಿದೆಯೇ?

ಸ್ಟುಡಿಯೊ: ನೆಗೆಟಿವ್ ಅಂಚಿನ ಅಂಕಿಗಳು ಹೇಗಿವೆ?

ಮಾನ್ವಿ: ಅಂಕಿಗಳು ಕಪ್ಪಗಿವೆ. ಚಿತ್ರ ಮಾತ್ರ ತೆಳು.

ಸ್ಟುಡಿಯೊ: ಹಾಗಾದರೆ ತೊಳೆದವರ ತಪ್ಪಲ್ಲ. ಆ ಅಂಕಿಗಳು ಕಾರ್ಖಾನೆಯಲ್ಲೇ ಬಿದ್ದವು. ಡೆವಲಪ್ ಕಡಿಮೆಯಾಗಿದ್ದರೆ ಅವೂ ಮಂಕಾಗುತ್ತಿದ್ದವು. ಮೀಟರೂ ಕೆಟ್ಟಿಲ್ಲ. ಎದುರಿಗಿರುವುದು ಹತ್ತಿಯೋ ಇದ್ದಿಲೋ ಅದಕ್ಕೆ ತಿಳಿಯದು, ಎಲ್ಲವನ್ನೂ ನಡುಬೂದಿಯೆಂದೇ ಅಳೆಯುತ್ತದೆ. ಇಟಗಿ ಮಹಾದೇವ ಗುಡಿಯ ಕರಿಗಲ್ಲಿಗೆ ಹಿಡಿದಿದ್ದರೆ ಕಲ್ಲೂ ಬೂದಿಯಾಗುತ್ತಿತ್ತು. ನಿಚ್ಚಳ ಬಿಸಿಲಿಗೆ 16ರ ಅಪರ್ಚರ್, ಐಎಸ್‌ಒಗೆ ಹತ್ತಿರದ ಶಟರ್, ಅಂದರೆ 500. ನೀವು ಎರಡು ಸ್ಟಾಪ್ ಕಡಿಮೆ ಕೊಟ್ಟಿದ್ದೀರಿ; ಒಂದು ಸ್ಟಾಪ್ ಕಡಿಮೆಯೆಂದರೆ ಬೆಳಕು ಅರ್ಧ. ಮುಂದಿನ ಸಲ ಅದೇ ಬಿಸಿಲಿನಲ್ಲಿ ಅಂಗೈ ಚಾಚಿ ಅದನ್ನು ಅಳೆಯಿರಿ, ಒಂದು ಸ್ಟಾಪ್ ತೆರೆಯಿರಿ. ರುಮಾಲಿನ ನೆರಳು ಮುಖದ ಮೇಲಿದ್ದರೆ ಇನ್ನೊಂದು. ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ತಾಳುತ್ತದೆ, ಕೊರತೆಯನ್ನು ತಾಳದು. ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವ ಸ್ಲೈಡ್ ರೋಲಿಗೆ ಈ ಧಾರಾಳತನ ಬೇಡ.

ಗಂಗಾವತಿ: ತೆಳು ನೆಗೆಟಿವನ್ನು ಮತ್ತೊಮ್ಮೆ ಡೆವಲಪರಿನಲ್ಲಿ (ಚಿತ್ರ ಮೂಡಿಸುವ ದ್ರಾವಣ) ಅದ್ದಿದರೆ ಸರಿಹೋಗುತ್ತದಂತೆ. ಫಾರ್ವರ್ಡ್ ಬಂದಿದೆ.

ಸ್ಟುಡಿಯೊ: ಅದ್ದಬೇಡಿ. ಬೆಳಕು ಕಾಣದ ಬೆಳ್ಳಿಯ ಲವಣವನ್ನು ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ದ್ರಾವಣ ಆಗಲೇ ತೊಳೆದು ಹಾಕಿರುತ್ತದೆ. ಇನ್ನೇನು ಡೆವಲಪ್ ಆಗಬೇಕು, ನೀರೇ?

ಯಲಬುರ್ಗಾ: ಇಟಗಿ ಗುಡಿಯ ಒಳಗೆ ಎಷ್ಟು ಸೆಕೆಂಡ್ ಕೊಡಬೇಕು ಸರ್?

ಸಿಂಧನೂರು: 16 ಎಂಬುದು ತಂಪು ದೇಶದ ಲೆಕ್ಕ. ನಮ್ಮ ರಾಯಚೂರಿನ ಬಿಸಿಲಿಗೆ 22 ಬೇಕು.

ಬಳ್ಳಾರಿ: ಬಿಸಿಲೆಂದರೆ ನಮ್ಮದು. ಮೇ ತಿಂಗಳಲ್ಲಿ ಕೋಟೆ ಗುಡ್ಡ ಹತ್ತಿ ನೋಡಿ.

ಸಿಂಧನೂರು: ನಿಮ್ಮಲ್ಲಿರುವುದು ಬಿಸಿಲಲ್ಲ, ಅದಿರಿನ ಧೂಳು.

ಸ್ಟುಡಿಯೊ: ಸೆಕೆಯನ್ನು ಅಪರ್ಚರಿನಿಂದ ಅಳೆಯುವುದಿಲ್ಲ. ಧೂಳು ಕವಿದರೆ ಬೆಳಕು ತಗ್ಗುತ್ತದೆ, ಮೈ ಎಷ್ಟೇ ಬೆವರಲಿ. ನೆರಳಿನ ಅಂಚು ಚೂಪಾಗಿದ್ದರೆ 16, ಮಸುಕಾಗಿದ್ದರೆ 11, ನೆರಳೇ ಬೀಳದಿದ್ದರೆ 8.

ಬಳ್ಳಾರಿ: ಧೂಳು ಎಂದವರು ಕ್ಷಮೆ ಕೇಳಲಿ.

ಯಲಬುರ್ಗಾ: ಸರ್, ಇಟಗಿ?

ಕುಷ್ಟಗಿ: 200ರ ರೋಲಿಗೆ ಐಎಸ್‌ಒ ಎಷ್ಟು?

ಸ್ಟುಡಿಯೊ: ಡಬ್ಬಿ ಓದಿ.

ಗಂಗಾವತಿ: ಸೂರ್ಯನಿಗೇ ಕ್ಯಾಮೆರಾ ಹಿಡಿದು ಮೀಟರ್ ಹೊಂದಿಸಬೇಕಂತೆ, ಇನ್ನೊಂದು ಫಾರ್ವರ್ಡ್.

ಸ್ಟುಡಿಯೊ: ಕಣ್ಣು ಹೋದೀತು. ಕಳಿಸಿದವರನ್ನೇ ಮೊದಲು ನೋಡಲು ಹೇಳಿ. ಮಾನ್ವಿಯವರೇ, ಕೆ1000ಕ್ಕೆ ಮೀಟರ್ ಸ್ವಿಚ್ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಸೆಲ್ ತೀರುತ್ತದೆ.

ಸಿಂಧನೂರು: ಕ್ಷಮೆ ಯಾಕೆ ಕೇಳಬೇಕು?