ಘಾಟಿಯಲ್ಲಿ ಇವರಿಗೆ ವಾಂತಿ, ಕುಕ್ಕೆಗೆ ಹೇಗೆ ಹೋಗೋದು?

ವಿಜಯನಗರದವಳು:
ಮದುವೆಯಾಗಿ ಎಂಟು ತಿಂಗಳು. ಇವರಿಗೆ ವಾರಕ್ಕೆ ಒಂದೇ ರಜೆ. ಅದು ಬಟ್ಟೆ ಒಗೆಯೋದು, ದೋಸೆ ಹಿಟ್ಟು ರುಬ್ಬೋದರಲ್ಲೇ ಮುಗಿಯುತ್ತದೆ. (ರುಬ್ಬುವುದು ಇವರೇ, ಹೇಳಲೇಬೇಕು.) ಹೋದ ತಿಂಗಳು ಹೇಗೋ ಎರಡು ದಿನ ರಜೆ ಹಾಕಿಸಿ ಬಸ್ಸಿನಲ್ಲಿ ಕುಕ್ಕೆಗೆ ಹೊರಟೆವು. ಶಿರಾಡಿ ಇಳಿಯುವಷ್ಟರಲ್ಲಿ ಮೂರು ಸಲ ವಾಂತಿ. ನನ್ನ ಹೊಸ ದುಪಟ್ಟಾ ಹೋಯಿತು. ಅತ್ತೆಯ ಹರಕೆ ಬೇರೆ ಬಾಕಿ ಇದೆ. ಬೇರೆ ದಾರಿ ಇದೆಯಾ?

ರೈಲು ಹುಚ್ಚ:
ಯಶವಂತಪುರದಿಂದ ಹಗಲು ರೈಲು ಹಿಡಿಯಿರಿ, ರಾತ್ರಿಯದು ಬೇಡ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., ಅಷ್ಟರಲ್ಲಿ 57 ಸುರಂಗ! ಇಳಿಜಾರು ಜಾಸ್ತಿ, ಹಾಗಾಗಿ ರೈಲು ನಿಧಾನಕ್ಕೆ ಇಳಿಯುತ್ತದೆ. ಬಸ್ಸಿನ ಹಾಗೆ ಹೊಟ್ಟೆ ತೊಳಸುವುದಿಲ್ಲ. 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಬಂದಿದೆ. ದುಬಾರಿ. ಮಾಮೂಲಿ ಕಿಟಕಿ ಸೀಟೇ ಸಾಕು, ಗಾಳಿಯಾದರೂ ಬರುತ್ತದೆ.

ಪುತ್ತೂರಿನ ಸೊಸೆ:
ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ, ದೇವಸ್ಥಾನ ಅಲ್ಲಿಂದ ಹತ್ತು-ಹನ್ನೆರಡು ಕಿ.ಮೀ. ಜೀಪು ಸಿಗುತ್ತದೆ, ಹತ್ತುವ ಮೊದಲೇ ರೇಟು ಮಾತಾಡಿ. ಭಾನುವಾರ ಹೊರಡುವುದಾದರೆ ಯಶವಂತಪುರ ತಲುಪಲು ಮೆಟ್ರೋ ನಂಬಬೇಡಿ, ತಡವಾಗಿ ಶುರುವಾಗುತ್ತದೆ. ಆಟೋನೇ ಗತಿ.

ವಿಜಯನಗರದವಳು:
ಇವರಿಗೆ ಓದಿ ಹೇಳಿದೆ. ಸುರಂಗ ಎಣಿಸುತ್ತಾರಂತೆ. ಪುಳಿಯೋಗರೆ ಕಟ್ಟಿಕೊಳ್ಳಲಾ ಅಂದರೆ, "ವಾಂತಿ ಬರಲ್ಲ ಅಂದ್ರಲ್ವಾ, ಜಾಸ್ತಿನೇ ಕಟ್ಟು" ಅಂತಾರೆ!